ಅಂಗಿ ಗಡಿ ದಾಟುತ್ತೆ, ನಾವ್ಯಾಕೆ ದಾಟಬಾರದು?

ಹಾಸ್ಟೆಲ್ ಗೆಳೆಯರೇ,

ನಮ್ಮ ಅಕ್ಕಂದಿರು ಗಾರ್ಮೆಂಟ್ಸಿನಲ್ಲಿ ಹೊಲಿದ ಅಂಗಿ ಹಡಗು ಹತ್ತಿ ಸ್ವೀಡನ್ನಿಗೆ, ಅಮೆರಿಕಕ್ಕೆ ಹೋಗುತ್ತದೆ. ದುಡ್ಡಿಗೆ ಯಾರೂ ಪಾಸ್‌ಪೋರ್ಟ್ ಕೇಳೋದಿಲ್ಲ. ಆದರೆ ಇಲ್ಲಿನ ಕೂಲಿಯವಳು ಕಡಲಾಚೆಯವರ ಕೈ ಹಿಡಿದರೆ ಸಾಕು, 'ವಿದೇಶಿ ಪಿತೂರಿ' ಅಂತ ಬೊಬ್ಬೆ ಹಾಕ್ತಾರೆ. ಇದ್ಯಾವ ನ್ಯಾಯ?

2021ರ ಜನವರಿಯಲ್ಲಿ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಗಾರ್ಮೆಂಟ್ ಕಾರ್ಖಾನೆಯೊಂದರ ದಲಿತ ಹೆಣ್ಣುಮಗಳು ಕೊಲೆಯಾದಳು. ಆರೋಪಿ, ಆಕೆಯ ಮೇಲ್ವಿಚಾರಕ. ಆಕೆ ತಮಿಳುನಾಡು ಜವಳಿ ಮತ್ತು ಸಾಮಾನ್ಯ ಕಾರ್ಮಿಕರ ಸಂಘದ ಸದಸ್ಯೆ. ಆ ಸಂಘದ ಮುಂದಾಳುಗಳು ದಲಿತ ಹೆಣ್ಣುಮಕ್ಕಳೇ. ಅವರು ಅಳುತ್ತಾ ಕೂರಲಿಲ್ಲ. ಏಷ್ಯಾ ಫ್ಲೋರ್ ವೇಜ್ ಅಲಯನ್ಸ್, ಅಮೆರಿಕದ ಗ್ಲೋಬಲ್ ಲೇಬರ್ ಜಸ್ಟೀಸ್ ಸಂಘಟನೆಗಳ ಜೊತೆ ಸೇರಿ, ಬಟ್ಟೆ ಕೊಳ್ಳುವ ಕಂಪನಿಗಳನ್ನೇ ಹಿಡಿದು ಕೇಳಿದರು. 2022ರಲ್ಲಿ ದಿಂಡಿಗಲ್ ಒಪ್ಪಂದ ಆಯ್ತು. ಎಚ್ ಅಂಡ್ ಎಂ, ಗ್ಯಾಪ್, ಪಿವಿಎಚ್ ಸಹಿ ಹಾಕಿದವು. ಹೆಣ್ಣಿಗೆ ಕಿರುಕುಳ ಕೊಟ್ಟರೆ, ಜಾತಿ ಹಿಡಿದು ಹೀಯಾಳಿಸಿದರೆ ದೂರು. ಮಾಲೀಕ ಮಾತು ತಪ್ಪಿದರೆ ಅವನ ವ್ಯಾಪಾರಕ್ಕೇ ಪೆಟ್ಟು. ಕೆಲಸದ ಜಾಗದಲ್ಲಿ ಕಾವಲಿಗೆ ನಿಂತವರು ಸಂಘ ತರಬೇತಿ ಕೊಟ್ಟ ಕೆಲಸಗಾರ್ತಿಯರೇ.

ನಮ್ಮ ಸೀಮೆಗೂ ಇದು ಹೊಸದಲ್ಲ. 2020ರಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ ಘಟಕ ಮುಚ್ಚಿ ಸುಮಾರು 1,200 ಮಂದಿಯನ್ನ ಬೀದಿಗೆ ತಳ್ಳಿದಾಗ, ಗೇಟಿನ ಮುಂದೆ ಕೂತ ಸಂಘದ ಬೆನ್ನಿಗೆ ಜಾಗತಿಕ ಒಕ್ಕೂಟ ಇಂಡಸ್ಟ್ರಿಆಲ್ ನಿಂತಿತು. ಮಾಲೀಕರು ಮಾತಿಗೆ ಬರಲೇಬೇಕಾಯ್ತು.

ಈಗ ನಮ್ಮ ಹಳೇ ಯೂನಿಯನ್ ಮುಖಂಡರಿಗೆ ಒಂದು ಮಾತು. 'ಮೊದಲು ವರ್ಗ, ಜಾತಿ ಆಮೇಲೆ' ಅಂತೀರಿ. ಬಾಂಬೆ ಗಿರಣಿಗಳಲ್ಲಿ ಕಡಿದ ನೂಲಿಗೆ ಎಂಜಲು ಹಚ್ಚಬೇಕಿತ್ತು. ಅದಕ್ಕೇ ಹೆಚ್ಚು ಕೂಲಿಯ ನೇಯ್ಗೆ ಖಾತೆಗೆ ನಮ್ಮವರನ್ನ ಸೇರಿಸಲಿಲ್ಲ. ತಡೆದವರಲ್ಲಿ ಜೊತೆ ಕೆಲಸಗಾರರೂ ಇದ್ದರು. 1938ರಲ್ಲಿ ಮನ್ಮಾಡ್‌ನಲ್ಲಿ ಬಾಬಾಸಾಹೇಬರು ಕಾರ್ಮಿಕರಿಗೆ ಇಬ್ಬರು ಶತ್ರುಗಳನ್ನ ತೋರಿಸಿದರು: ಬ್ರಾಹ್ಮಣಶಾಹಿ, ಬಂಡವಾಳಶಾಹಿ. ಪಕ್ಕದ ಮಗ್ಗದವನ ಎಂಜಲಿಗೆ ಹೇಸಿದವರು ಲೋಕದ ಕಾರ್ಮಿಕರ ಐಕ್ಯತೆ ಅಂದರೆ ನಾವು ನಂಬೋದು ಹ್ಯಾಗೆ?

ನಮ್ಮವರಿಗೂ ಒಂದು ಮಾತು. ಹೊರದೇಶದವರು ಬಂದು ನಮ್ಮನ್ನ ಎತ್ತೋದಿಲ್ಲ. ದಿಂಡಿಗಲ್‌ನಲ್ಲಿ ಮೊದಲು ಇದ್ದದ್ದು ಹೆಣ್ಣುಮಕ್ಕಳ ಸಂಘ. ಆಮೇಲೆ ಬಂದದ್ದು ಕಡಲಾಚೆಯ ಕೈ. ಸಂಘವೇ ಇಲ್ಲದಿದ್ದರೆ ಆ ಕೈ ಯಾರನ್ನ ಹಿಡಿಯಬೇಕಿತ್ತು?

ಆದ್ದರಿಂದ ಗೆಳೆಯರೇ, ಈ ರಜೆಗೆ ಊರಿಗೆ ಹೋದಾಗ ಅಕ್ಕನನ್ನ ಕೇಳಿ: ಗಂಟೆಗೆ ಎಷ್ಟು ಪೀಸು? ಸಂಘ ಇದೆಯಾ? ಅದರ ಮುಂದೆ ನಿಂತವರು ಯಾರು? ನಿಮಗೆ ನಾಲ್ಕು ಅಕ್ಷರ ಇಂಗ್ಲಿಷ್ ಬಂದಿದೆ. ದಿಂಡಿಗಲ್ ಒಪ್ಪಂದವನ್ನ ಅವಳಿಗೆ ಕನ್ನಡದಲ್ಲಿ ಓದಿ ಹೇಳಿ. ಅವಳ ಕೂಲಿಯಿಂದ ಬಂದ ಅಕ್ಷರ ಅವಳಿಗೇ ದಕ್ಕಲಿ.

ಜೈ ಭೀಮ್.