ಸೈಕಲ್ ಸವಾರನ ಹೊಸ್ತಿಲು: ಮನೆಯೊಳಗೆ ಎಷ್ಟು, ಹೊರಗೆ ಎಷ್ಟು?

ಸಂಜೆ ಶಾಲೆ ಬಿಟ್ಟೊಡನೆ ಕಿರುಗಾವಲಿನಿಂದ ಸುತ್ತಲಿನ ಹಳ್ಳಿಗಳ ಕಡೆಗೆ ಮಕ್ಕಳ ಸೈಕಲ್ಲುಗಳು ಹೊರಡುತ್ತವೆ. ರಾಜ್ಯ ಸರ್ಕಾರ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿದ ಮೇಲೆ ಹಳ್ಳಿ ದಾರಿಗಳಲ್ಲಿ ಇದು ದಿನನಿತ್ಯದ ನೋಟವಾಯಿತು. ಗೆಳೆಯರು ಜೊತೆಯಾದರೆ ಪಂದ್ಯ ಕಟ್ಟುವುದೂ ಉಂಟು. ಮೊದಲು ಊರು ಮುಟ್ಟಿದವನೇ ಗೆದ್ದವನು. ಆದರೆ ಗೆದ್ದವನ ಕಾಲಿನಲ್ಲಿ ನಿಜವಾಗಿ ಎಷ್ಟು ಕಸುವಿದೆ? ಅದನ್ನು ಅಳೆಯುವುದು ಹೇಗೆ?

ಇದಕ್ಕೆ ಉತ್ತರ ಪಠ್ಯಪುಸ್ತಕದಲ್ಲಿಯೇ ಇದೆ. ಮಾಡಿದ ಕೆಲಸವನ್ನು ಅದಕ್ಕೆ ಹಿಡಿದ ಕಾಲದಿಂದ ಭಾಗಿಸಿದರೆ ಸಾಮರ್ಥ್ಯ ದೊರೆಯುತ್ತದೆ. ಅದರ ಮಾನ ವಾಟ್. ಒಂದು ಕಿಲೋಗ್ರಾಂ ತೂಕದ ವಸ್ತುವನ್ನು ಒಂದು ಸೆಕೆಂಡಿನಲ್ಲಿ ಹತ್ತು ಸೆಂಟಿಮೀಟರ್ ಮೇಲೆತ್ತಿದರೆ ಹೆಚ್ಚುಕಡಿಮೆ ಒಂದು ವಾಟ್ ಆಯಿತು.

ಆದರೆ ಸವಾರನ ಸಾಮರ್ಥ್ಯ ಎಲ್ಲ ಹೊತ್ತಿನಲ್ಲಿಯೂ ಒಂದೇ ಅಲ್ಲ. ನಾಯಿ ಅಟ್ಟಿಸಿಕೊಂಡು ಬಂದಾಗ ಹತ್ತು ಸೆಕೆಂಡು ತುಳಿಯುವ ರಭಸವನ್ನು ಒಂದು ಗಂಟೆ ಉಳಿಸಿಕೊಳ್ಳಲಾಗದು. ಸಾಧಾರಣ ವೇಗದಲ್ಲಿ ಸ್ನಾಯುಗಳಲ್ಲಿ ಹುಟ್ಟುವ ಲ್ಯಾಕ್ಟೇಟನ್ನು ದೇಹ ಹುಟ್ಟಿದಷ್ಟೂ ಬಳಸಿಕೊಳ್ಳುತ್ತದೆ. ಒಂದು ಮಿತಿ ದಾಟಿದರೆ ಅದು ರಕ್ತದಲ್ಲಿ ಏರುತ್ತ ಹೋಗುತ್ತದೆ. ಏದುಸಿರು ಬರುತ್ತದೆ, ಕಾಲು ಸೋಲುತ್ತದೆ. ಈ ಮಿತಿಯನ್ನೇ ‘ಹೊಸ್ತಿಲು ಸಾಮರ್ಥ್ಯ’ ಎನ್ನಬಹುದು. ಸುಮಾರು ಒಂದು ಗಂಟೆ ಕಾಲ ಎಡೆಬಿಡದೆ ಕಾಯ್ದುಕೊಳ್ಳಬಹುದಾದ ಗರಿಷ್ಠ ಸಾಮರ್ಥ್ಯ ಇದು. ಒಂದು ಗಂಟೆಯ ಪರೀಕ್ಷೆ ಪ್ರಯಾಸದ್ದಾದ್ದರಿಂದ ಕ್ರೀಡಾಪಟುಗಳು 20 ನಿಮಿಷ ಶಕ್ತಿಮೀರಿ ತುಳಿದು, ಬಂದ ಸರಾಸರಿಯ ಶೇಕಡ 95ನ್ನು ತೆಗೆದುಕೊಳ್ಳುತ್ತಾರೆ. ಸರಾಸರಿ 200 ವಾಟ್ ಬಂದರೆ ಹೊಸ್ತಿಲು 190 ವಾಟ್.

ಇದನ್ನು ಅಳೆಯುವ ಉಪಕರಣವೂ ಇದೆ. ಜರ್ಮನಿಯ ಎಂಜಿನಿಯರ್ ಉಲ್ರಿಚ್ ಶೋಬೆರರ್ 1980ರ ದಶಕದಲ್ಲಿ ಇಂಥದೊಂದನ್ನು ರೂಪಿಸಿದರು. ಪೆಡಲ್ ತುಳಿದಾಗ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆ ಬಾಗುವಿಕೆಯಿಂದ ಬಲವನ್ನೂ, ಬಲ ಮತ್ತು ತಿರುಗುವ ವೇಗದಿಂದ ಸಾಮರ್ಥ್ಯವನ್ನೂ ಲೆಕ್ಕ ಹಾಕಲಾಗುತ್ತದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಅದೇ ಸವಾರ, ಅದೇ ಉಪಕರಣ. ಕೋಣೆಯೊಳಗೆ ನಿಲ್ಲಿಸಿದ ಸೈಕಲ್ಲಿನಲ್ಲಿ ಬರುವ ವಾಟ್, ರಸ್ತೆಯಲ್ಲಿ ಬರುವುದಕ್ಕಿಂತ ಎಷ್ಟೋ ಜನರಲ್ಲಿ ಕಡಿಮೆ. ಕಾರಣವೇನು?

ಮೊದಲನೆಯದು ಶಾಖ. ಆಹಾರದಿಂದ ಬಂದ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಅಥವಾ ಅದಕ್ಕೂ ಕಡಿಮೆ ಮಾತ್ರ ಪೆಡಲನ್ನು ಮುಟ್ಟುತ್ತದೆ. ಉಳಿದದ್ದು ಶಾಖವಾಗುತ್ತದೆ. ಪೆಡಲಿಗೆ 150 ವಾಟ್ ಕೊಡುವವನ ದೇಹದಲ್ಲಿ 450 ವಾಟಿಗೂ ಹೆಚ್ಚು ಶಾಖ ಹುಟ್ಟುತ್ತಿರುತ್ತದೆ. ರಸ್ತೆಯಲ್ಲಿ ಎದುರು ಬೀಸುವ ಗಾಳಿ ಬೆವರನ್ನು ಆರಿಸಿ ಮೈ ತಂಪು ಮಾಡುತ್ತದೆ. ಕೋಣೆಯಲ್ಲಿ ಬೆವರು ತೊಟ್ಟಿಕ್ಕುತ್ತದೆಯೇ ಹೊರತು ಆರುವುದಿಲ್ಲ. ರಕ್ತ ಸ್ನಾಯುವಿಗೂ ಹೋಗಬೇಕು, ಚರ್ಮಕ್ಕೂ ಹೋಗಬೇಕು. ದಣಿವು ಬೇಗ ಬರುತ್ತದೆ. ಎದುರಿಗೊಂದು ಒಳ್ಳೆಯ ಫ್ಯಾನ್ ಇಟ್ಟರೆ ಫಲಿತಾಂಶವೇ ಬದಲಾಗಬಹುದು.

ಎರಡನೆಯದು ಸೈಕಲ್ಲಿನ ಓಲಾಟ. ರಸ್ತೆಯಲ್ಲಿ ಸವಾರ ಎದ್ದು ನಿಂತು, ಸೈಕಲ್ಲನ್ನು ಎಡಕ್ಕೆ ಬಲಕ್ಕೆ ಓಲಾಡಿಸಿ ತುಳಿಯಬಲ್ಲ. ಬಿಗಿದು ನಿಲ್ಲಿಸಿದ ಸೈಕಲ್ಲಿನಲ್ಲಿ ಅದು ಸಾಧ್ಯವಿಲ್ಲ. ಮೂರನೆಯದು ಮನಸ್ಸು. ಗೋಡೆ ನೋಡುತ್ತ ಕಳೆಯುವ ಇಪ್ಪತ್ತು ನಿಮಿಷ ಬಲು ದೀರ್ಘ!

ಹಾಗಾದರೆ ರಸ್ತೆಯ ಲೆಕ್ಕವೇ ಸರಿಯೇ? ಅದಕ್ಕೂ ತೊಡಕುಗಳುಂಟು. ಕಬ್ಬಿನ ಗಾಡಿ ಅಡ್ಡ ಬರುತ್ತದೆ, ಉಬ್ಬುಗಳು ಸಿಗುತ್ತವೆ, ಇಳಿಜಾರಿನಲ್ಲಿ ತುಳಿಯುವುದೇ ನಿಲ್ಲುತ್ತದೆ. ಉಪಕರಣವಿಲ್ಲದೆ ಬರಿಯ ವೇಗವನ್ನು ನೋಡಿ ಅಂದಾಜು ಮಾಡುವವನಿಗಂತೂ ಆಷಾಢದ ಗಾಳಿಯೇ ಮೋಸ ಮಾಡುತ್ತದೆ. ಐದು ಕಿ.ಮೀ. ದೂರವನ್ನು ಹೋಗುವಾಗ ಎದುರುಗಾಳಿಯಲ್ಲಿ ಗಂಟೆಗೆ 15 ಕಿ.ಮೀ., ಬರುವಾಗ 25 ಕಿ.ಮೀ. ವೇಗದಲ್ಲಿ ಕ್ರಮಿಸಿದರೆ ಸರಾಸರಿ 20 ಎಂದು ತೋರುತ್ತದೆ. ಆದರೆ ಹೋಗಲು 20 ನಿಮಿಷ, ಬರಲು 12 ನಿಮಿಷ. ಹತ್ತು ಕಿ.ಮೀ.ಗೆ 32 ನಿಮಿಷವಾದರೆ ನಿಜವಾದ ಸರಾಸರಿ 18.75 ಮಾತ್ರ.

ಉಪಕರಣವಿಲ್ಲದವರಿಗೆ ಏರುದಾರಿಯೇ ಉತ್ತಮ ಪ್ರಯೋಗಶಾಲೆ. ಅಲ್ಲಿ ವೇಗ ಕಡಿಮೆ, ಆದ್ದರಿಂದ ಗಾಳಿಯ ತಡೆಯೂ ಕಡಿಮೆ. ಕಿರುಗಾವಲಿನ ಗದ್ದೆ ಬಯಲಿನವರು ಇದಕ್ಕೆ ಮೈಸೂರಿನ ಚಾಮುಂಡಿ ಬೆಟ್ಟದಂಥ ಕಡೆಗೆ ಹೋಗಬೇಕು. 45 ಕೆ.ಜಿ. ತೂಕದ ವಿದ್ಯಾರ್ಥಿ 18 ಕೆ.ಜಿ. ಸೈಕಲ್ಲಿನಲ್ಲಿ 100 ಮೀಟರ್ ಎತ್ತರವನ್ನು 10 ನಿಮಿಷದಲ್ಲಿ ಏರಿದನೆಂದುಕೊಳ್ಳಿ. 63ನ್ನು 9.8ರಿಂದಲೂ 100ರಿಂದಲೂ ಗುಣಿಸಿದರೆ 61,740 ಜೂಲ್ ಕೆಲಸ. 600 ಸೆಕೆಂಡಿನಿಂದ ಭಾಗಿಸಿದರೆ ಸುಮಾರು 103 ವಾಟ್. ದಾರಿಯ ಉದ್ದ 2 ಕಿ.ಮೀ. ಆಗಿದ್ದರೆ, ಟೈರಿನ ಘರ್ಷಣೆಗೂ ಗಾಳಿಗೂ ಇನ್ನೊಂದು 25–30 ವಾಟ್ ಸೇರಿಸಬೇಕಾದೀತು.

ಇಷ್ಟಾದ ಮೇಲೆ ಒಳಗಿನದು ಸರಿಯೋ, ಹೊರಗಿನದು ಸರಿಯೋ? ಎರಡೂ ಸರಿ, ತಂತಮ್ಮ ಜಾಗದಲ್ಲಿ. ಕೋಣೆಯಲ್ಲಿ ಗಾಳಿ, ದಾರಿ, ಅಡೆತಡೆಗಳ ಬದಲಾವಣೆ ಇಲ್ಲ. ಹೋದ ತಿಂಗಳಿಗಿಂತ ಈ ತಿಂಗಳು ಸುಧಾರಿಸಿದೆಯೇ ಎಂದು ತಿಳಿಯಲು ಅದು ಒಳ್ಳೆಯದು. ರಸ್ತೆಯಲ್ಲಿ ಎಷ್ಟು ಬಿರುಸಾಗಿ ತುಳಿಯಬಹುದೆಂದು ತಿಳಿಯಲು ರಸ್ತೆಯನ್ನೇ ಕೇಳಬೇಕು. ಕೋಣೆಯ ಅಂಕಿಯನ್ನು ರಸ್ತೆಯ ಅಂಕಿಯ ಪಕ್ಕದಲ್ಲಿಟ್ಟು ತೂಗುವುದು ಮಾತ್ರ ತಪ್ಪು. ಒಂದು ತಕ್ಕಡಿಯಲ್ಲಿ ತೂಗಿದ್ದನ್ನು ಇನ್ನೊಂದು ತಕ್ಕಡಿಯ ಲೆಕ್ಕಕ್ಕೆ ಸೇರಿಸಿದಂತೆ.

ತಂದೆತಾಯಂದಿರು ಗಮನಿಸಬೇಕಾದ ಮಾತು ಇದು. ಕ್ರೀಡೆಯಲ್ಲಿ ಮುಂದೆ ಬರಬೇಕೆನ್ನುವ ಹುಡುಗ ಅಥವಾ ಹುಡುಗಿ, ಸೆಕೆಯ ಕೋಣೆಯಲ್ಲಿ ಒಂದು ದಿನ ಬಂದ ಕಡಿಮೆ ಅಂಕಿಯಿಂದ ತಾನು ಕೈಲಾಗದವನು, ಕೈಲಾಗದವಳು ಎಂದುಕೊಳ್ಳುವ ಅಪಾಯವಿದೆ. ಅಂಕಿ ಕೇಳಿದೊಡನೆ ಪಕ್ಕದ ಮನೆಯ ಮಗುವಿನ ಅಂಕಿಯೊಡನೆ ಹೋಲಿಸುವ ಬದಲು, ಅದನ್ನು ಎಲ್ಲಿ, ಯಾವಾಗ, ಹೇಗೆ ಅಳೆದರು ಎಂದು ವಿಚಾರಿಸುವುದು ಲೇಸು. ಶಕ್ತಿಮೀರಿ ತುಳಿಯುವ ಪರೀಕ್ಷೆ ತರಬೇತುದಾರರ ಎದುರಿನಲ್ಲಿಯೇ ನಡೆಯಲಿ.

ಮಕ್ಕಳು ಮನೆಯಲ್ಲಿಯೇ ಮಾಡಬಹುದಾದ ಪ್ರಯೋಗವೂ ಇದೆ. ವಾಹನಗಳಿಲ್ಲದ ದಾರಿಯಲ್ಲಿ, ದೊಡ್ಡವರ ಜೊತೆ, ಮುಂಜಾನೆ ಗಾಳಿ ಏಳುವ ಮುನ್ನ ಎರಡು ಕಿ.ಮೀ. ಹೋಗಿ ಬನ್ನಿ. ಹಿತವಾದ ವೇಗ ಸಾಕು. ಟೈರಿನ ಗಾಳಿ ಪ್ರತಿಸಲವೂ ಒಂದೇ ಸಮನಿರಲಿ. ವೇಳೆಯನ್ನು ಬರೆದಿಡಿ. ಅದೇ ದಾರಿ, ಅದೇ ಹೊತ್ತು, ಅದೇ ಸೈಕಲ್, ತಿಂಗಳಿಗೊಮ್ಮೆ. ಮೂರು ತಿಂಗಳ ಬಳಿಕ ಆ ಪುಸ್ತಕ ತೆರೆದು ನೋಡಿ.