ಸ್ನೇಹವೂ ಅಧಿಕಾರಪದವಿಯೂ

ಅಧ್ಯಕ್ಷರಾಗಿದ್ದ ಜಾರ್ಜ್ ಡಬ್ಲ್ಯು. ಬುಷ್ ಅವರು ಆಪ್ತರನ್ನು ಉನ್ನತ ಪದವಿಗಳಿಗೆ ನೇಮಿಸಿದ್ದು ಅಮೆರಿಕದಲ್ಲಿ ಹೊಸತೇನಲ್ಲವೆಂದೂ, ಅವರ ಪೂರ್ವಾಧಿಕಾರಿ ಕ್ಲಿಂಟನ್ನರು ಸಹ ಸ್ವಪ್ರಾಂತದ ಪರಿಚಿತರಾದ ಜೇಮ್ಸ್ ಲೀ ವಿಟ್ ಅವರಿಗೇ ಕೇಂದ್ರ ವಿಪತ್ತು ನಿರ್ವಹಣಾ ಸಂಸ್ಥೆಯನ್ನು ವಹಿಸಿದರೆಂದೂ ಬುಷ್ ಪಕ್ಷಪಾತಿಗಳು ವಾದಿಸುವುದುಂಟು. ಈ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ವಿಟ್ ಅವರು ಅದಕ್ಕೆ ಮುನ್ನ ಅರ್ಕಾನ್ಸಾ ರಾಜ್ಯದ ವಿಪತ್ತು ಇಲಾಖೆಯನ್ನು ನಡೆಸಿ ನುರಿತವರು. ಬುಷ್ ಅವರಾದರೋ ಅದೇ ಸಂಸ್ಥೆಯನ್ನು ಮೊದಲು ತಮ್ಮ ಚುನಾವಣಾ ಪ್ರಚಾರದ ವ್ಯವಸ್ಥಾಪಕರಾಗಿದ್ದ ಜೋ ಆಲ್ಬಾ ಅವರಿಗೂ, 2003ರಲ್ಲಿ ಆಲ್ಬಾ ಅವರ ಮಿತ್ರರೂ ಅರಬ್ಬೀ ಕುದುರೆಗಳ ಸಂಘವೊಂದರಲ್ಲಿ ವರ್ಷಗಟ್ಟಲೆ ಅಧಿಕಾರಿಯಾಗಿದ್ದವರೂ ಆದ ಮೈಕೆಲ್ ಬ್ರೌನ್ ಅವರಿಗೂ ಒಪ್ಪಿಸಿದರು.

2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತವೆರಗಿ, ನ್ಯೂ ಆರ್ಲಿಯನ್ಸ್ ನಗರದ ಒಡ್ಡುಗಳು ಬಿರಿದು, ಸಹಸ್ರಾರು ನಿರಾಶ್ರಿತರು ಸಮಾವೇಶ ಭವನದಲ್ಲಿ ಅನ್ನೋದಕಗಳಿಲ್ಲದೆ ತೊಳಲುತ್ತಿದ್ದಾಗ, ಅವರು ಅಲ್ಲಿರುವ ಸಂಗತಿಯೇ ತಮಗೆ ಸೆಪ್ಟೆಂಬರ್ 1ರಂದಷ್ಟೇ ತಿಳಿಯಿತೆಂದು ಬ್ರೌನ್ ಅವರು ದೂರದರ್ಶನದಲ್ಲಿ ನುಡಿದರು. ರಾಜ್ಯ ಹಾಗೂ ನಗರಾಡಳಿತಗಳೂ ಎಡವಿದ್ದುವು, ನಿಜ. ಆದರೆ ಅದರಿಂದ ಆ ನೇಮಕದ ದೋಷವು ಕಳೆಯುವುದಿಲ್ಲ. ಬ್ರೌನ್ ಅವರು ಸೆಪ್ಟೆಂಬರ್ 12ರಂದು ರಾಜೀನಾಮೆಯಿತ್ತರು. ಇಷ್ಟಾದ ಮೇಲೂ ಬುಷ್ ಅವರು ಅಕ್ಟೋಬರ್ 3ರಂದು, ಎಂದೂ ನ್ಯಾಯಾಧೀಶರಾಗಿರದ, ಹಿಂದೆ ತಮ್ಮ ಸ್ವಂತ ವಕೀಲರಾಗಿದ್ದ ಹ್ಯಾರಿಯಟ್ ಮೈಯರ್ಸ್ ಅವರನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಹೆಸರಿಸಿದರು. ಸ್ವಪಕ್ಷೀಯರೇ ಪ್ರತಿಭಟಿಸಿದುದರಿಂದ ಅದೇ ತಿಂಗಳ 27ರಂದು ಆಕೆ ಹಿಂದೆ ಸರಿಯಬೇಕಾಯಿತು. ಅಂಥದೇ ಪರಿಶೀಲನೆಯನ್ನು, 2002ರಲ್ಲಿ ಬ್ರೌನ್ ಅವರನ್ನು ವಿಪತ್ತು ನಿರ್ವಹಣಾ ಸಂಸ್ಥೆಯ ಉಪಮುಖ್ಯಸ್ಥರ ಪದವಿಗೆ ಅನುಮೋದಿಸಿದ ಸೆನೆಟ್ ಸಭೆಯು ಅಂದೇ ನಡೆಸಬೇಕಾಗಿತ್ತೆಂದು ನಾನು ದೃಢವಾಗಿ ಹೇಳುತ್ತೇನೆ.