ತಲುಪದ ಒಂದು ಮಾತು

2022ರ ಜನವರಿಯಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಎರಡು ಸಮಾನಾಂತರ ರನ್‌ವೇಗಳಿಂದ ಏಕಕಾಲಕ್ಕೆ ಮೇಲೇರಿದ ಎರಡು ವಿಮಾನಗಳು ಆಗಸದಲ್ಲಿ ಪರಸ್ಪರ ಸಮೀಪಿಸಿದವು. ಅವುಗಳಲ್ಲಿ 426 ಜೀವಗಳಿದ್ದವು. ಒಂದೇ ರನ್‌ವೇ ಬಳಸುವ ನಿರ್ಧಾರವು ದಕ್ಷಿಣ ಗೋಪುರದ ನಿಯಂತ್ರಕರಿಗೆ ತಲುಪಿರಲಿಲ್ಲವೆಂದು ತನಿಖೆ ತಿಳಿಸಿತು. ರಾಡಾರ್ ನಿಯಂತ್ರಕರೊಬ್ಬರು ಕ್ಷಣಮಾತ್ರದಲ್ಲಿ ಅಪಾಯವನ್ನರಿತು, ವಿಮಾನಗಳನ್ನು ಬೇರೆಬೇರೆ ದಿಕ್ಕಿಗೆ ತಿರುಗಿಸಿ ದುರಂತವನ್ನು ತಪ್ಪಿಸಿದರು.

ಪ್ರಮಾದವು ಮನುಷ್ಯಸಹಜ, ಅದನ್ನು ತಡೆದುದೂ ಮನುಷ್ಯನ ಎಚ್ಚರವೇ. ಆದರೆ ದಣಿದ ಮನಸ್ಸಿನಲ್ಲಿ ಎಚ್ಚರ ಬಹುಕಾಲ ನಿಲ್ಲದು. ಯಾದಗಿರಿ, ಶಹಾಪುರ, ಸುರಪುರಗಳಿಂದ ರಾಜಧಾನಿಗೆ ರಾತ್ರಿಯಿಡೀ ಬಸ್ಸು ನಡೆಸುವ ಚಾಲಕರಿಗೂ ಈ ಮಾತು ಸಲ್ಲುತ್ತದೆ. ತಪ್ಪಿತಸ್ಥರನ್ನು ದಂಡಿಸಿದರಷ್ಟೇ ಸಾಲದು. ಪರರ ಪ್ರಾಣ ಕಾಯುವವರಿಗೆ ಸಾಕಷ್ಟು ವಿಶ್ರಾಂತಿಯೂ, ಪಾಳಿಯಲ್ಲಿ ಸ್ಪಷ್ಟ ಸಂವಹನವೂ ದೊರೆಯಬೇಕು. ವಿಶ್ರಾಂತಿಯು ಆಲಸ್ಯವಲ್ಲ, ಕಾಯಕದ ಅಂಗವೇ ಆಗಿದೆ.